ಗುಲಾಮರ ಮರ

ಶುಭ ಶುಕ್ರವಾರ ಹತ್ತಿರ ಬಂತೆಂದರೆ ನನ್ನ ಮೊಬೈಲಿಗೆ ತಪ್ಪದೆ ಬರುವ ಸಂದೇಶವೊಂದಿದೆ. ಶಿಲುಬೆ ಕ್ರೈಸ್ತರದ್ದೇ ಅಲ್ಲವಂತೆ. ಅದು ಬ್ಯಾಬಿಲೋನಿನ ತಮ್ಮೂಜ್ ಎಂಬ ದೇವರ ಹೆಸರಿನ ಮೊದಲ ಅಕ್ಷರ, ಅಂದರೆ ಇಂಗ್ಲಿಷಿನ 'ಟಿ' ಅಂತೆ. ಕಾನ್‌ಸ್ಟಂಟೈನ್ ಚಕ್ರವರ್ತಿ ತನ್ನ ಪ್ರಜೆಗಳನ್ನು ಒಲಿಸಿಕೊಳ್ಳಲು ಅದನ್ನು ಚರ್ಚಿನೊಳಕ್ಕೆ ತಂದು ಕೂರಿಸಿದನಂತೆ. ಇದನ್ನು ಕಳಿಸುವವರಲ್ಲಿ ಎರಡು ಬಗೆ. ಕ್ರೈಸ್ತ ಧರ್ಮವೇ ಕದ್ದ ಮಾಲು ಎಂದು ತೋರಿಸಬೇಕೆಂದಿರುವವರು ಒಂದು ಕಡೆ. ತಾವು ಮಾತ್ರ ಶುದ್ಧ ಕ್ರೈಸ್ತರು, ಉಳಿದವರೆಲ್ಲ ವಿಗ್ರಹ ಪೂಜಿಸುವವರು ಎನ್ನುವ ಸಣ್ಣ ಪಂಗಡಗಳವರು ಇನ್ನೊಂದು ಕಡೆ. ಎದುರುಬದುರು ಕೂತರೆ ಇವರಿಬ್ಬರಿಗೂ ಹತ್ತು ನಿಮಿಷ ಮಾತು ಹೊಂದುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಅದೆಂಥ ಒಗ್ಗಟ್ಟು!

ನನಗೆ ಈ ಸಂದೇಶದ ಮೇಲೆ ಸಿಟ್ಟಿದೆ. ಅದು ಸುಳ್ಳು ಎಂಬುದು ಸಣ್ಣ ಕಾರಣ. ಅದು ಏನನ್ನು ಮುಚ್ಚಿಹಾಕುತ್ತದೆ ಎಂಬುದು ದೊಡ್ಡ ಕಾರಣ. ಮೊದಲು ಸುಳ್ಳಿನ ವಿಚಾರ ಮುಗಿಸಿಬಿಡುತ್ತೇನೆ.

ಈ ಕತೆಯನ್ನು ಲೋಕಪ್ರಿಯ ಮಾಡಿದ್ದು ಅಲೆಕ್ಸಾಂಡರ್ ಹಿಸ್ಲಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಆತನ 'ದಿ ಟೂ ಬ್ಯಾಬಿಲನ್ಸ್' 1853ರಲ್ಲಿ ಕಿರುಹೊತ್ತಿಗೆಯಾಗಿ ಬಂತು, 1858ರಲ್ಲಿ ದಪ್ಪ ಪುಸ್ತಕವಾಯಿತು. ರೋಮನ್ ಕ್ಯಾಥೊಲಿಕ್ ಚರ್ಚಿನ ಪ್ರತಿಯೊಂದು ಆಚರಣೆಯೂ ಬ್ಯಾಬಿಲೋನಿನಿಂದ ಬಂದದ್ದೆಂದು ತೋರಿಸುವುದೇ ಅದರ ಹಟ. ಹಿಸ್ಲಪ್ ಬರೆಯುವ ಹೊತ್ತಿಗೆ ಬ್ಯಾಬಿಲೋನಿನ ಬೆಣೆಲಿಪಿಯನ್ನು ಓದುವ ವಿದ್ಯೆ ಇನ್ನೂ ಕಣ್ಣುಬಿಡುತ್ತಿತ್ತು. ಇವತ್ತು ಆ ಜೇಡಿಮಣ್ಣಿನ ಹಲಗೆಗಳನ್ನು ಓದಬಲ್ಲವರಿದ್ದಾರೆ. ತಮ್ಮೂಜನ ಸುಮೇರಿಯನ್ ಹೆಸರು ದುಮುಜಿ. ಬೆಣೆಲಿಪಿಯ ಗುರುತುಗಳು ಉಚ್ಚಾರದ ತುಣುಕುಗಳನ್ನೋ ಇಡೀ ಪದಗಳನ್ನೋ ಸೂಚಿಸುತ್ತವೆ. ಅದರಲ್ಲಿ ಗ್ರೀಕ್ ಅಥವಾ ಲ್ಯಾಟಿನ್ನಿನ 'ಟಿ'ಯಂಥ ಅಕ್ಷರವೇ ಇಲ್ಲ. ಬ್ಯಾಬಿಲೋನಿನ ದೇವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಮೊದಲ ಅಕ್ಷರ ಹಿಡಿದು, ಇಗೋ ಶಿಲುಬೆ ಎಂದರೆ ಏನು ಹೇಳೋಣ? ಗಣಪತಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, 'ಜಿ' ಅಕ್ಷರದ ಕೊಂಡಿಯಿಂದಲೇ ಸೊಂಡಿಲು ಬಂತು ಎಂದಂತಾಯಿತು.

ತಮಾಷೆಯ ಸಂಗತಿ ಇನ್ನೊಂದಿದೆ. ಬೈಬಲಿನಲ್ಲಿ ತಮ್ಮೂಜನ ಹೆಸರು ಬರುವುದು ಯೆಹೆಜ್ಕೇಲನ ಪುಸ್ತಕದ 8ನೇ ಅಧ್ಯಾಯದಲ್ಲಿ. ಜೆರುಸಲೇಮಿನ ದೇವಾಲಯದ ಉತ್ತರ ಬಾಗಿಲಲ್ಲಿ ಹೆಂಗಸರು ತಮ್ಮೂಜನಿಗಾಗಿ ಅಳುತ್ತಾ ಕೂತಿರುವುದನ್ನು ಕಂಡು ಪ್ರವಾದಿ ಹೇಸುತ್ತಾನೆ. ಮರು ಅಧ್ಯಾಯದಲ್ಲೇ ದೇವರು, ಇಂಥ ಅಸಹ್ಯಗಳನ್ನು ಕಂಡು ನರಳುವವರ ಹಣೆಯ ಮೇಲೆ ಒಂದು ಗುರುತು ಹಾಕು ಎನ್ನುತ್ತಾನೆ. ಮೂಲ ಹೀಬ್ರೂವಿನಲ್ಲಿ ಆ ಗುರುತಿಗಿರುವ ಪದ 'ತಾವ್'. ಅದು ಹೀಬ್ರೂ ವರ್ಣಮಾಲೆಯ ಕೊನೆಯ ಅಕ್ಷರದ ಹೆಸರೂ ಹೌದು. ಹಳೆಯ ಹೀಬ್ರೂ ಲಿಪಿಯಲ್ಲಿ ಆ ಅಕ್ಷರದ ಆಕಾರ ಎರಡು ಅಡ್ಡಗೆರೆ, ಅಂದರೆ ನಮ್ಮ ಗುಣಾಕಾರ ಅಥವಾ ಕೂಡು ಚಿಹ್ನೆ. ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕಾದ ತೆರ್ತುಲ್ಲಿಯನ್ ಶಿಲುಬೆಯ ವಿಷಯಕ್ಕೆ ಯೆಹೆಜ್ಕೇಲನ ಈ ಭಾಗವನ್ನೇ ಎತ್ತಿಕೊಂಡ. ಹಾಗಾಗಿ ಗ್ರಂಥದ ಸಾಕ್ಷಿಯೇ ಬೇಕೆಂದರೆ, ಅಡ್ಡಗೆರೆಯ ಗುರುತು ಸಿಕ್ಕಿದ್ದು ತಮ್ಮೂಜನಿಗಾಗಿ ಅತ್ತವರಿಗಲ್ಲ, ಅದನ್ನು ಕಂಡು ನೊಂದವರಿಗೆ. ಸಂದೇಶ ಕಳಿಸುವವರು ಇನ್ನೊಂದು ಪುಟ ತಿರುವಿದ್ದರೆ ಸಾಕಿತ್ತು.

ಹಾಗೆಂದು ಬೇರೆ ಧರ್ಮಗಳಿಂದ ಶಿಲುಬೆಗೆ ಏನೂ ಸೇರಿಲ್ಲ ಎಂದು ನಾನು ವಾದಿಸುತ್ತಿಲ್ಲ. ಈಜಿಪ್ಟಿನ ಕ್ರೈಸ್ತರು ಹಳೆಯ 'ಆಂಖ್' ಚಿಹ್ನೆಯನ್ನು, ಮೇಲೆ ಕುಣಿಕೆಯಿರುವ ಆ ಜೀವದ ಗುರುತನ್ನು, ಶಿಲುಬೆಯಾಗಿ ಬಳಸಿದ್ದು ನಿಜ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವಾಲಯವನ್ನು ಕೆಡವುವಾಗ ಕಲ್ಲಿನ ಮೇಲೆ ಶಿಲುಬೆಯಂಥ ಬರಹ ಕಂಡು, ಇದು ನಮ್ಮದು, ಇಲ್ಲ ನಮ್ಮದು ಎಂದು ಎರಡೂ ಕಡೆಯವರು ಜಗಳಾಡಿದ್ದನ್ನು ಚರ್ಚಿನ ಇತಿಹಾಸಕಾರ ಸಾಕ್ರಟೀಸನೇ ಬರೆದಿಟ್ಟಿದ್ದಾನೆ (ವಿಷ ಕುಡಿದ ಸಾಕ್ರಟೀಸ್ ಬೇರೆ, ಇವನು ಐದನೆಯ ಶತಮಾನದವನು). ಕದ್ದುಮುಚ್ಚಿ ನಡೆದದ್ದೇನೂ ಅಲ್ಲ. ಎರಡು ಗೆರೆ ಒಂದನ್ನೊಂದು ಕತ್ತರಿಸುವುದು ಮನುಷ್ಯ ಹಾಕಬಲ್ಲ ಅತಿ ಸುಲಭದ ಗುರುತು. ಓದು ಬರಹ ಬಾರದ ಕುಂಬಾರನೂ ಹಾಕುತ್ತಾನೆ, ಮೂರು ವರ್ಷದ ಮಗುವೂ ಗೋಡೆಯ ಮೇಲೆ ಗೀಚುತ್ತದೆ. ಆಕಾರ ಎಷ್ಟು ಹಳೆಯದೆಂಬುದು ಅದರ ಅರ್ಥವನ್ನು ಹೇಳುವುದಿಲ್ಲ. ಜೈನ ಬಸದಿಯ ಸ್ವಸ್ತಿಕಕ್ಕೂ ಹಿಟ್ಲರನ ಬಾವುಟಕ್ಕೂ ಆಕಾರದಲ್ಲಿ ನಂಟಿದೆ. ಅರ್ಥದಲ್ಲಿ ಏನಿದೆ?

ಕೇಳಬೇಕಾದದ್ದು ಆ ಮರ ಎಲ್ಲಿಂದ ಬಂತು ಎಂದು. ಅದಕ್ಕೆ ಉತ್ತರ ಹುಡುಕಲು ಬ್ಯಾಬಿಲೋನಿಗೆ ಹೋಗಬೇಕಾಗಿಲ್ಲ. ಆ ಮರವನ್ನು ನೆಟ್ಟದ್ದು ರೋಮಿನ ಸರ್ಕಾರ.

ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ಗುಲಾಮರ ದಂಗೆಯನ್ನು ಹತ್ತಿಕ್ಕಿದ ಮೇಲೆ, ಸೆರೆಸಿಕ್ಕ 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ಅಪ್ಪಿಯನ್ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರು. ಸುಮಾರು 200 ಕಿಲೋಮೀಟರ್ ದೂರ. ಲೆಕ್ಕ ಹಾಕಿದರೆ ಮೂವತ್ತು ಮೂವತ್ತೈದು ಮೀಟರಿಗೊಬ್ಬ. ಕ್ರಿ.ಪೂ. 4ರಲ್ಲಿ, ಯೇಸು ಕೂಸಾಗಿದ್ದಿರಬಹುದಾದ ಕಾಲದಲ್ಲಿ, ವಾರುಸ್ ಎಂಬ ಅಧಿಕಾರಿ ಯೂದಾಯದಲ್ಲಿ ಸುಮಾರು 2,000 ದಂಗೆಕೋರರನ್ನು ಶಿಲುಬೆಗೇರಿಸಿದ. ಕ್ರಿ.ಶ. 70ರ ಜೆರುಸಲೇಮ್ ಮುತ್ತಿಗೆಯಲ್ಲಿ ದಿನಕ್ಕೆ 500 ಮಂದಿಯವರೆಗೂ ಏರಿಸುತ್ತಿದ್ದರು. ಶಿಲುಬೆ ನೆಡಲು ಜಾಗ ಸಾಲಲಿಲ್ಲ, ದೇಹಗಳಿಗೆ ಶಿಲುಬೆ ಸಾಲಲಿಲ್ಲ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ.

ಸಂಖ್ಯೆಗಳು ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ ನೇಪಲ್ಸಿನ ಬಳಿಯ ಪುತೆಯೋಲಿ ಎಂಬ ಊರಿನಲ್ಲಿ ಸಿಕ್ಕ ಶಾಸನವೊಂದರ ವಿಷಯ ಹೇಳುತ್ತೇನೆ. ಅದು ಊರಿನ ಹೆಣ ಸಾಗಿಸುವ ಗುತ್ತಿಗೆಯ ಕರಾರು, ಇವತ್ತಿನ ಪುರಸಭೆಯ ಟೆಂಡರಿನ ಹಾಗೆ. ಅದರಲ್ಲಿ ಒಂದು ಕಲಮು: ಯಾರಾದರೂ ತನ್ನ ಗುಲಾಮನನ್ನೋ ಗುಲಾಮಳನ್ನೋ ಖಾಸಗಿಯಾಗಿ ಶಿಕ್ಷಿಸಬೇಕೆಂದರೆ ಗುತ್ತಿಗೆದಾರ ವ್ಯವಸ್ಥೆ ಮಾಡಿಕೊಡಬೇಕು. ಶಿಲುಬೆಯ ಕಂಬ, ಸರಪಳಿ, ಚಾಟಿಯವರಿಗೆ ಹಗ್ಗ, ಎಲ್ಲ ಅವನದೇ. ಮಾಲೀಕ ಕೊಡಬೇಕಾದದ್ದು ಅಡ್ಡಮರ ಹೊರುವ ಆಳಿಗೆ, ಚಾಟಿ ಬೀಸುವವನಿಗೆ, ಕೊಲ್ಲುವವನಿಗೆ ತಲಾ 4 ಸೆಸ್ಟರ್ಸ್ ಕೂಲಿ. ವಿಚಾರಣೆಯ ಸುದ್ದಿಯೇ ಇಲ್ಲ. ಇದು ಶಿಲುಬೆ. ಕೂಲಿಯ ದರ ನಿಗದಿಯಾಗಿದ್ದ ಒಂದು ಪೌರಸೇವೆ.

ಸಿಸೆರೊ ಇದರ ವಿರುದ್ಧ ಗುಡುಗಿದ್ದಾನಲ್ಲ ಎನ್ನುವವರಿದ್ದಾರೆ. ಗುಡುಗಿದ್ದು ಹೌದು, ಕ್ರಿ.ಪೂ. 70ರಲ್ಲಿ. ಸಿಸಿಲಿಯ ಅಧಿಕಾರಿಯಾಗಿದ್ದ ವೆರ್ರೆಸ್, ಗಾವಿಯುಸ್ ಎಂಬವನನ್ನು ಮೆಸ್ಸಾನಾದ ಕಡಲತೀರದಲ್ಲಿ, ಜಲಸಂಧಿಯಾಚೆಗಿನ ಇಟಲಿ ಕಾಣುವಂತೆ ಶಿಲುಬೆಗೇರಿಸಿದ್ದ. ಸಿಸೆರೊನ ಆಕ್ರೋಶ ಏನೆಂದರೆ ಗಾವಿಯುಸ್ ರೋಮಿನ ಪೌರ. ಪೌರನಿಗೆ ಈ ಶಿಕ್ಷೆಯೇ, ಇದು ಗುಲಾಮರಿಗಿರುವುದಲ್ಲವೇ ಎಂಬುದು ಆತನ ವಾದದ ತಿರುಳು. ಮುಂದೊಮ್ಮೆ ಇನ್ನೊಂದು ಮೊಕದ್ದಮೆಯಲ್ಲಿ, ಶಿಲುಬೆ ಎಂಬ ಮಾತೇ ರೋಮನ್ ಪೌರನ ಕಿವಿಗೆ ಬೀಳಬಾರದು ಎಂಬರ್ಥದಲ್ಲಿ ಮಾತಾಡಿದ. ಗುಲಾಮರ ಕಿವಿಯ ಬಗ್ಗೆ ಆತ ಚಿಂತಿಸಲಿಲ್ಲ.

ಅಂದು ಬಳಸಿದ್ದು ಬರೀ ಕಂಬವೋ, 'ಟಿ' ಆಕಾರವೋ, ಕೂಡು ಚಿಹ್ನೆಯೋ ಎಂದು ಪುಟಗಟ್ಟಲೆ ಚರ್ಚೆಯಿದೆ. ಗ್ರೀಕಿನ 'ಸ್ಟಾವ್ರೋಸ್' ಪದಕ್ಕೆ ಮೂಲದಲ್ಲಿ ನೆಟ್ಟ ಕಂಬ ಎಂದರ್ಥ ಎಂಬುದನ್ನೇ ಹಿಡಿದು ಶಿಲುಬೆಯಿರಲೇ ಇಲ್ಲ ಎನ್ನುವವರಿದ್ದಾರೆ. ಎರಡನೆಯ ಶತಮಾನದ 'ಬಾರ್ನಬನ ಪತ್ರ' ಗ್ರೀಕಿನ 'ಟಿ'ಯಂಥ ಅಕ್ಷರದಲ್ಲಿ ಶಿಲುಬೆ ಕಂಡದ್ದರಿಂದ ಕ್ರೈಸ್ತರಿಗೆ ಅಡ್ಡಮರ ಗೊತ್ತಿತ್ತೆಂಬುದು ಖಚಿತ. ಒಂದೇ ರೀತಿಯ ಶಿಲುಬೆ ಇರಲಿಲ್ಲ ಎಂದು ಸೆನೆಕಾ ಸಹ ಬರೆದಿದ್ದಾನೆ. ಕೈಗೆ ಸಿಕ್ಕ ಮರ, ಕೊಲ್ಲುವವನ ಲಹರಿ. ಈ ಚರ್ಚೆ ಇಷ್ಟಕ್ಕೇ ಸಾಕು.

1968ರಲ್ಲಿ ಜೆರುಸಲೇಮಿನ ಉತ್ತರಕ್ಕೆ ಗಿವಾತ್ ಹಮಿವ್ತಾರ್ ಎಂಬಲ್ಲಿ ಅಸ್ಥಿಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಯೆಹೋಹನಾನ್ ಎಂಬ ಯುವಕನ ಹಿಮ್ಮಡಿಯ ಮೂಳೆ, ಅದರ ಮೂಲಕ ಹಾದ ಕಬ್ಬಿಣದ ಮೊಳೆ. ಮೊಳೆಯ ತುದಿ ಬಾಗಿದ್ದರಿಂದ ಹೆಣ ಇಳಿಸುವಾಗ ಕೀಳಲಾಗದೆ ಹಾಗೇ ಹೂತಿದ್ದರು. ಸಾವಿರಾರು ಜನರನ್ನು ಹೀಗೆ ಕೊಂದದ್ದಕ್ಕೆ ಮೂಳೆಯ ಸಾಕ್ಷಿ ಬೆರಳೆಣಿಕೆಯಷ್ಟೇ. ಶಿಲುಬೆಗೇರಿದವನ ಹೆಣ ಹಲವು ಸಲ ಮನೆಯವರಿಗೆ ಸಿಗುತ್ತಿರಲಿಲ್ಲ. ಹದ್ದಿಗೂ ನಾಯಿಗೂ ಬಿಡುವುದು ಶಿಕ್ಷೆಯ ಭಾಗವೇ ಆಗಿತ್ತು.

ಇಂಥ ವಸ್ತುವನ್ನು ಯಾರಾದರೂ ಜನರನ್ನು ಒಲಿಸಿಕೊಳ್ಳಲು ಆರಿಸಿಕೊಳ್ಳುತ್ತಾರೆಯೇ? ರೋಮಿನ ಪಾಲಟೈನ್ ಗುಡ್ಡದ ಮೇಲೆ 1857ರಲ್ಲಿ ಗೋಡೆಯ ಮೇಲಿನ ಗೀಚುಬರಹವೊಂದು ಸಿಕ್ಕಿತು. ಸುಮಾರು 200ರ ಆಸುಪಾಸಿನದು. ಅರಮನೆಯ ಗುಲಾಮ ಹುಡುಗರಿಗೆ ತರಬೇತಿ ಕೊಡುತ್ತಿದ್ದ ಕಟ್ಟಡ ಅದೆಂದು ವಿದ್ವಾಂಸರ ಊಹೆ. 'ಟಿ' ಆಕಾರದ ಮರದ ಮೇಲೆ ಕತ್ತೆಯ ತಲೆಯ ಮನುಷ್ಯ. ಪಕ್ಕದಲ್ಲಿ ಕೈಯೆತ್ತಿ ನಿಂತ ಹುಡುಗ. ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂದು ಕೆಳಗೆ ಗ್ರೀಕಿನಲ್ಲಿ ಗೀಚಿದ್ದಾರೆ. ಯೇಸು ಶಿಲುಬೆಗೇರಿದ್ದನ್ನು ತೋರುವ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಬರೆದವನು ಭಕ್ತನಲ್ಲ, ಗೇಲಿ ಮಾಡಲು ಹೊರಟ ಜೊತೆಗಾರ. ಪಕ್ಕದ ಕೋಣೆಯಲ್ಲಿ ಬೇರೆ ಕೈಬರಹದಲ್ಲಿ, ಲ್ಯಾಟಿನ್ನಿನಲ್ಲಿ, ಅಲೆಕ್ಸಮೆನೋಸ್ ನಿಷ್ಠಾವಂತ ಎಂದಿದೆ. ಗೇಲಿಗೆ ಉತ್ತರವಾಗಿ ಅವನೇ ಬರೆದನೋ, ಬೇರೆ ಯಾರಾದರೂ ಬರೆದರೋ. ಆ ಹುಡುಗನನ್ನು ತಮ್ಮೂಜನ ಭಕ್ತನೆಂದು ಗೇಲಿ ಮಾಡಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಗುಲಾಮನ ಸಾವು ಸತ್ತವನನ್ನು ದೇವರೆನ್ನುತ್ತೀಯಾ ಎಂಬುದು ಅಲ್ಲಿನ ಚುಚ್ಚು.

ಕ್ರೈಸ್ತರೂ ಇದನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಮುದ್ರೆಯುಂಗುರಕ್ಕೆ ಯಾವ ಚಿತ್ರ ಹಾಕಿಸಬಹುದೆಂದು ಪಟ್ಟಿ ಕೊಡುತ್ತಾನೆ: ಪಾರಿವಾಳ, ಮೀನು, ಹಡಗು, ತಂತಿವಾದ್ಯ, ಲಂಗರು. ಶಿಲುಬೆಯಿಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಕುರಿ ಹೊತ್ತ ಕುರುಬನಿದ್ದಾನೆ, ಮೀನಿದೆ, ಲಂಗರಿದೆ. ಶಿಲುಬೆ ಇದ್ದದ್ದು ಗುಟ್ಟಿನ ಜಾಗಗಳಲ್ಲಿ. ತೆರ್ತುಲ್ಲಿಯನ್ ಹೇಳುವಂತೆ ಮನೆಯಿಂದ ಹೊರಡುವಾಗ, ಚಪ್ಪಲಿ ಮೆಟ್ಟುವಾಗ, ದೀಪ ಹಚ್ಚುವಾಗ ಹಣೆಯ ಮೇಲೆ ಬೆರಳಿನಿಂದ ಎಳೆದುಕೊಳ್ಳುವ ಗೆರೆಯಲ್ಲಿ. ಸುವಾರ್ತೆಗಳ ಅತಿ ಹಳೆಯ ಪಪೈರಸ್ ಹಾಳೆಗಳಲ್ಲಿ 'ಸ್ಟಾವ್ರೋಸ್' ಪದ ಬರುವೆಡೆ ಎರಡು ಗ್ರೀಕ್ ಅಕ್ಷರ ಬೆಸೆದು ಮಾಡಿದ, ಮರದ ಮೇಲೆ ತಲೆಯಿದ್ದಂತೆ ಕಾಣುವ ಪುಟ್ಟ ಗುರುತಿನಲ್ಲಿ. ಇವೆಲ್ಲ ಕಾನ್‌ಸ್ಟಂಟೈನನಿಗಿಂತ ನೂರು ವರ್ಷದಷ್ಟು ಹಿಂದಿನವು. ಅವನೇ ತಂದ ಎನ್ನುವ ವಾದ ಇಲ್ಲಿಗೆ ಮುಗಿಯಿತು.

ಆದರೆ ಕಾನ್‌ಸ್ಟಂಟೈನನ ಮೇಲೆ ನನ್ನದೇ ಬೇರೆ ತಕರಾರಿದೆ. ಹಾಗಾಗಿ ಸಂದೇಶ ಕಳಿಸುವವರನ್ನು ಇಲ್ಲಿಗೆ ಬಿಟ್ಟು ಚರ್ಚಿನವರ ಕಡೆ ತಿರುಗುತ್ತೇನೆ.

312ರಲ್ಲಿ ಮಿಲ್ವಿಯನ್ ಸೇತುವೆಯ ಕಾಳಗಕ್ಕೆ ಮುಂಚೆ ಆತನಿಗೆ ಕನಸಿನಲ್ಲಿ ಗುರುತೊಂದು ಬಿತ್ತೆಂದು ಲ್ಯಾಕ್ಟಾಂಟಿಯುಸ್ ಬರೆಯುತ್ತಾನೆ. ಆಕಾಶದಲ್ಲಿ ಬೆಳಕಿನ ಶಿಲುಬೆಯೇ ಕಂಡಿತೆಂದು ಯೂಸೆಬಿಯುಸ್ ಬರೆಯುತ್ತಾನೆ. ಸೈನಿಕರ ಗುರಾಣಿಗೂ ದಂಡಿನ ಬಾವುಟಕ್ಕೂ ಕ್ರಿಸ್ತನ ಗುರುತು ಏರಿತು. ರೋಮಿನ ದಂಡು ಕೊಂದವನ ಗುರುತು ರೋಮಿನ ದಂಡಿನ ಬಾವುಟದಲ್ಲಿ! ಇದರಲ್ಲಿ ಏನೋ ತಿರುವುಮುರುವಾಗಿದೆ ಎಂದು ಅಂದಿನ ಬಿಷಪ್ಪರಿಗೆ ಅನ್ನಿಸಲಿಲ್ಲವೇ? ಯೂಸೆಬಿಯುಸನಿಗಂತೂ ಸಂತೋಷ ತಡೆಯಲಾಗಿಲ್ಲ. ಶಿಲುಬೆಯ ಶಿಕ್ಷೆಯನ್ನು ಕಾನ್‌ಸ್ಟಂಟೈನ್ ನಿಲ್ಲಿಸಿದನೆಂದು ಔರೇಲಿಯಸ್ ವಿಕ್ಟರ್ ಹೇಳುತ್ತಾನೆ. ಅದು ಒಳ್ಳೆಯ ಕೆಲಸ, ಅದರ ಪುಣ್ಯ ಅವನಿಗೆ ಸಲ್ಲಲಿ. ಆದರೆ ಅದರಿಂದ ಇನ್ನೊಂದು ಆಯಿತು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಶಿಲುಬೆಯ ಮೇಲೆ ನರಳುವ ಮನುಷ್ಯನನ್ನು ಕಣ್ಣಾರೆ ಕಂಡವರು ಉಳಿಯಲಿಲ್ಲ. ಆಗ ಮರಕ್ಕೆ ಚಿನ್ನ ಹೊದಿಸಲು ಯಾರ ಕೈಯೂ ನಡುಗಲಿಲ್ಲ. ಸುಮಾರು 400ರ ಹೊತ್ತಿಗೆ ರೋಮಿನ ಸಾಂತಾ ಪುದೆನ್ಸಿಯಾನಾ ಚರ್ಚಿನ ಮೊಸಾಯಿಕ್ಕಿನಲ್ಲಿ ಗೊಲ್ಗೊಥಾದ ಮೇಲೆ ರತ್ನಖಚಿತ ಶಿಲುಬೆ ನಿಂತಿದೆ, ಮುಂದೆ ಹೊನ್ನಿನ ಬಟ್ಟೆ ತೊಟ್ಟ ಕ್ರಿಸ್ತ ಸಿಂಹಾಸನದ ಮೇಲೆ ಚಕ್ರವರ್ತಿಯಂತೆ ಕೂತಿದ್ದಾನೆ. ಅದೇ ಊರಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಿನಲ್ಲಿ, ಸುಮಾರು 430ರಲ್ಲಿ, ಇಬ್ಬರು ಕಳ್ಳರ ನಡುವೆ ಯೇಸು ಕೈಚಾಚಿ ನಿಂತಿರುವ ಕೆತ್ತನೆಯಿದೆ. ಶಿಲುಬೆಯ ಮರ ಮಾತ್ರ ಕಂಡೂ ಕಾಣದಂತಿದೆ. ಕತ್ತು ವಾಲಿಸಿ ಸತ್ತ ಯೇಸುವನ್ನು ಆಳೆತ್ತರಕ್ಕೆ ಕಡೆದ ಕಲೋನ್ ನಗರದ ಗೇರೋ ಶಿಲುಬೆ ಬಂದದ್ದು ಹತ್ತನೆಯ ಶತಮಾನದ ಕೊನೆಗೆ.

ಚಿನ್ನ ಹೊದಿಸಿದ ಮೇಲೆ ಅದನ್ನು ಕತ್ತಿಯ ಜೊತೆ ಇಡುವುದೂ ಸುಲಭವಾಯಿತು. 1095ರಲ್ಲಿ ಕ್ಲೆರ್ಮಾಂಟಿನಲ್ಲಿ ಪೋಪ್ ಎರಡನೆಯ ಅರ್ಬನ್ ಕರೆಕೊಟ್ಟಾಗ ಬಟ್ಟೆಯ ಶಿಲುಬೆ ಹೊಲಿದುಕೊಂಡವರು ಜೆರುಸಲೇಮಿನಲ್ಲಿ ಮಾಡಿದ್ದೇನೆಂದು ಎಲ್ಲರಿಗೂ ಗೊತ್ತಿದೆ. 1915ರಲ್ಲಿ ಅಮೆರಿಕದ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಹೊಸದಾಗಿ ಹುಟ್ಟಿಕೊಂಡ ಕು ಕ್ಲಕ್ಸ್ ಕ್ಲಾನ್ ಶಿಲುಬೆಗೆ ಬೆಂಕಿ ಹಚ್ಚಿತು. ಅದು ಅಂದಿನಿಂದ ಕಪ್ಪು ಜನರನ್ನು ಬೆದರಿಸುವ ಗುರುತಾಯಿತು. ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಊರುಗಳಲ್ಲೇ ಭಾನುವಾರ ಶಿಲುಬೆಯ ಮುಂದೆ ಹಾಡು ನಡೆಯುತ್ತಿತ್ತು. ಆ ಎರಡು ಮರಗಳು ಒಂದೇ ಎಂದು ಬಿಳಿಯ ದೇವತಾಶಾಸ್ತ್ರಜ್ಞರಿಗೆ ಯಾಕೆ ಕಾಣಲಿಲ್ಲ ಎಂದು ಜೇಮ್ಸ್ ಕೋನ್ 2011ರ ತಮ್ಮ 'ದಿ ಕ್ರಾಸ್ ಅಂಡ್ ದಿ ಲಿಂಚಿಂಗ್ ಟ್ರೀ' ಪುಸ್ತಕದಲ್ಲಿ ಕೇಳಿದರು. 1938ರಲ್ಲಿ ಯೆಹೂದಿ ಚಿತ್ರಕಾರ ಶಗಾಲ್, ಸುಡುವ ಯೆಹೂದಿ ಮಂದಿರದ ನಡುವೆ ಶಿಲುಬೆಗೇರಿದ ಯೇಸುವಿನ ಸೊಂಟಕ್ಕೆ ಯೆಹೂದಿಯರ ಪ್ರಾರ್ಥನೆಯ ಶಾಲು ಸುತ್ತಿದ. ಕಣ್ಣಿದ್ದವರಿಗೆ ಕಾಣುತ್ತಲೇ ಇತ್ತು.

ಇನ್ನು ನಮ್ಮ ಮಾತಿಗೆ ಬರುತ್ತೇನೆ. ಕನ್ನಡದ 'ಶಿಲುಬೆ' ಸಿರಿಯಾಕ್ ಮೂಲದ ಪದ. ಕೇರಳದ ಸಿರಿಯನ್ ಕ್ರೈಸ್ತರ 'ಸ್ಲೀವಾ', ತಮಿಳಿನ 'ಸಿಲುವೈ', ತೆಲುಗಿನ 'ಸಿಲುವ', ಎಲ್ಲ ಒಂದೇ ಬಳ್ಳಿಯವು. ಪೋರ್ಚುಗೀಸರು ತಂದ 'ಕ್ರೂಜ್' ನಮ್ಮ ಕರಾವಳಿಯ ಕೊಂಕಣಿಯಲ್ಲಿ 'ಖುರಿಸ್' ಆಯಿತು. ಎರಡು ದಾರಿಯಿಂದ ಎರಡು ಪದ ಬಂದವು, ಎರಡೂ ಬರುವಾಗಲೇ ಪವಿತ್ರವಾಗಿದ್ದವು. ನಮ್ಮಲ್ಲಿ ಇದಕ್ಕೆ ಹತ್ತಿರದ ಪದ ಇರಲಿಲ್ಲವೇ? ಇತ್ತು, 'ಶೂಲ'. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಚಾರುದತ್ತ ಕೊರಳಿಗೆ ಕಣಗಿಲೆಯ ಮಾಲೆ ಹಾಕಿಕೊಂಡು, ತಾನು ಸಾಯಬೇಕಾದ ಶೂಲವನ್ನು ತಾನೇ ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ನಡೆಯುತ್ತಾನೆ. ಅಲ್ಲಲ್ಲಿ ನಿಲ್ಲಿಸಿ ಅವನ ಅಪರಾಧ ಸಾರುತ್ತಾರೆ. ಗೊಲ್ಗೊಥಾದ ದಾರಿ ಇದಕ್ಕಿಂತ ತೀರ ಬೇರೆಯಾಗಿರಲಿಲ್ಲ. ಶೂಲಕ್ಕೂ ಶಿಲುಬೆಗೂ ಕೊಲ್ಲುವ ಬಗೆಯಲ್ಲಿ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ನಮ್ಮ ಬೈಬಲು ಯೇಸುವನ್ನು ಶೂಲಕ್ಕೇರಿಸಿದರು ಎಂದಿದ್ದರೆ ಕೇಳಿದವರು ಬೆಚ್ಚುತ್ತಿದ್ದರು. ಶಿಲುಬೆಗೆ ಹಾಕಿದರು ಎಂದರೆ ಬೆಚ್ಚುವುದಿಲ್ಲ. ತಮಿಳಿನಲ್ಲಿ ಸಿಲುವೈ ಎಂದು ಮಕ್ಕಳಿಗೆ ಹೆಸರಿಡುತ್ತಾರೆ. ನೇಣುಗಂಬ ಎಂದು ಯಾರು ಹೆಸರಿಟ್ಟಾರು? ಈಚೆಗೆ ಶುಭ ಶುಕ್ರವಾರದ ಹಾರ್ದಿಕ ಶುಭಾಶಯಗಳು ಎಂದು ಹೂವಿನ ಚಿತ್ರ ಕಳಿಸುವವರೂ ಇದ್ದಾರೆ, ಅದರಲ್ಲಿ ಕ್ರೈಸ್ತರೇ ಕೆಲವರು.

ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ತಾನು ಸಾರುವ ಸಂಗತಿ ಯೆಹೂದಿಗಳಿಗೆ ಎಡವುಗಲ್ಲು, ಗ್ರೀಕರಿಗೆ ಹುಚ್ಚುಮಾತು ಎಂದು ತಾನೇ ಒಪ್ಪಿಕೊಂಡಿದ್ದ. ಇವತ್ತು ಯಾರೂ ಎಡವುತ್ತಿಲ್ಲ. ಚಿನ್ನದ ಅಂಗಡಿಯಲ್ಲಿ ನನಗೆ ಒಮ್ಮೆ ಮಾರಾಟದ ಹುಡುಗ ಎರಡು ಪದಕ ತೋರಿಸಿ ಕೇಳಿದ್ದ: ಸರ್, ಬರೀ ಶಿಲುಬೆ ಬೇಕಾ, ಅಥವಾ ಮೇಲೆ ಆ ಮನುಷ್ಯ ಇರುವುದು ಬೇಕಾ? ಅವನ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ತೂಕದ ವ್ಯತ್ಯಾಸವಿತ್ತು ಅಷ್ಟೆ. ಆದರೆ ಇದೇ ಪ್ರಶ್ನೆಯನ್ನು ಸಭೆಗಳು ತಮಗೆ ತಾವು ಕೇಳಿಕೊಂಡಿಲ್ಲ. ಎತ್ತರದ ಗೋಪುರದ ಮೇಲೆ ನಿಯಾನ್ ದೀಪದ ಶಿಲುಬೆ ಏರಿಸುವುದಕ್ಕೆ ಚಂದಾ ಸಲೀಸಾಗಿ ಕೂಡುತ್ತದೆ. ಮೇಲಿದ್ದ ಆ ಮನುಷ್ಯ ಯಾವ ವರ್ಗದವರ ಸಾವು ಸತ್ತ ಎಂಬ ಮಾತು ಪ್ರಸಂಗಗಳಲ್ಲಿ ಅಪರೂಪ.

ಮಾತು ಎತ್ತಿದವರು ಇಲ್ಲದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಿಂದ ಶುರುಮಾಡಿ ಅರವಿಂದ ನಿರ್ಮಲ್ ದಲಿತ ದೇವತಾಶಾಸ್ತ್ರದ ಪ್ರಶ್ನೆಗಳನ್ನೆತ್ತಿದರು. ಶಿಲುಬೆಯ ಮೇಲೆ ದೇವರೂ ಕೈಬಿಟ್ಟನೆಂದು ಕೂಗಿದ ಯೇಸುವಿನ ಅನುಭವ ದಲಿತರ ಅನುಭವವೇ ಎಂದು ಅವರು ವಾದಿಸಿದರು. ಇದು ಅತಿಯಾಯಿತು, ಬೈಬಲಿನಲ್ಲಿ ರಾಜಕೀಯ ತಂದರು ಎಂದವರು ಬಹಳ. ಪುತೆಯೋಲಿಯ ಕರಾರನ್ನು ಒಮ್ಮೆ ಓದಿದರೆ ಯಾರು ಯಾವುದನ್ನು ತಂದರು ಎಂದು ಗೊತ್ತಾಗುತ್ತದೆ. ಶಿಲುಬೆ ಹುಟ್ಟಿದ್ದೇ ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಎಂಬ ಲೆಕ್ಕದಲ್ಲಿ. ಪೌರನ ಮೈ ಒಂದು ಬೆಲೆ, ಗುಲಾಮನ ಮೈ ಇನ್ನೊಂದು ಬೆಲೆ. ನಿರ್ಮಲ್ ಹೊಸದೇನನ್ನೂ ಅದರೊಳಗೆ ತುರುಕಲಿಲ್ಲ, ಮೇಲಿನ ಚಿನ್ನವನ್ನು ಕೆರೆದರು.

ಶಿಲುಬೆ ನಮ್ಮದೇ, ಅದರ ಅರ್ಥ ನಮಗೇ ಗೊತ್ತು, ಹೊರಗಿನವರು ಬ್ಯಾಬಿಲೋನಿನ ಕತೆ ಹೇಳಬೇಡಿ ಎನ್ನುವ ಹಿರಿಯರಿಗೆ ನಾನು ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನವನ್ನು ನೆನಪಿಸುತ್ತೇನೆ. ದಲಿತ ಕ್ರೈಸ್ತರ ಸಮಾಧಿಗಳು ಬೇರೆಯಿರಲೆಂದು ಅದರ ನಡುವೆ ಗೋಡೆ ಕಟ್ಟಿದ್ದಾರೆ. ದಲಿತರು ಅದನ್ನು ಒಡೆಯಿರಿ ಎಂದು ವರ್ಷಗಟ್ಟಲೆ ಕೇಳುತ್ತ ಬಂದಿದ್ದಾರೆ. ಗೋಡೆಯ ಎರಡೂ ಬದಿಗೆ ಶಿಲುಬೆ ನೆಟ್ಟಿದ್ದಾರೆ.